ಹಳೆ ವರ್ಷನ್ ಹಾಕಿದವರು ಯಾರು?

ಪ್ರಿಂಟರ್ ರಿಪೇರಿ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನ ಹತ್ತಿರ ಬಂದರೆ ಕೇಳುವುದು ಒಂದೇ: ಯಾವ ಕೋರ್ಸ್ ಮಾಡಬೇಕು ಸಾರ್? ಯಾವುದಾದರೂ ಮಾಡಿಕೊಳ್ಳಿ. ಸ್ಕ್ರೂ ಬಿಚ್ಚುವುದನ್ನು ಯಾರು ಬೇಕಾದರೂ ಕಲಿಸುತ್ತಾರೆ. ಆದರೆ ಮೆಷಿನ್ ಕೆಟ್ಟಾಗ ತಪ್ಪು ಎಲ್ಲಿದೆ ಎಂದು ಹುಡುಕುವುದಕ್ಕೆ ಮೊದಲೇ, ಅದನ್ನು ಯಾರ ತಲೆಗೆ ಕಟ್ಟಬೇಕು ಎಂದು ಮೇಲಿನವರು ತೀರ್ಮಾನಿಸಿ ಕೂತಿರುತ್ತಾರೆ. ಇದನ್ನು ಯಾವ ಕೋರ್ಸಿನಲ್ಲೂ ಹೇಳಿಕೊಡುವುದಿಲ್ಲ. ಆ ತಲೆ ಸಾಮಾನ್ಯವಾಗಿ ಮೆಷಿನ್ ಮುಂದೆ ಕೂತು ದುಡಿಯುವವರದು. ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಬಿ.ಪಿ. ಮಾತ್ರೆ ನುಂಗುವವರು ಇಂಥದ್ದನ್ನೆಲ್ಲ ಬರೆಯಬಾರದು ಎನ್ನುತ್ತಾಳೆ ನನ್ನ ಹೆಂಡತಿ. ಬರೆಯದಿದ್ದರೆ ಇನ್ನೂ ಏರುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲ.

ನಾನು ರಾಯದುರ್ಗದ ರುದ್ರಪ್ಪ. ಪ್ರಿಂಟಿಂಗ್ ಮೆಷಿನ್ ಮಾರುವ, ಮಾರಿದ ಮೇಲೆ ನೋಡಿಕೊಳ್ಳುವ ಒಂದು ಏಜೆನ್ಸಿಯಲ್ಲಿ ಮೆಕ್ಯಾನಿಕ್ ಆಗಿ ಸೇರಿ ಅಲ್ಲಿಯೇ ಮುಗಿಸಿದೆ. ನಡುವೆ ನನ್ನ ಹುದ್ದೆಯ ಹೆಸರು ಇಂಗ್ಲಿಷಿನಲ್ಲಿ ಉದ್ದವಾಗುತ್ತಾ ಹೋಯಿತು, ಕೆಲಸ ಮಾತ್ರ ಅದೇ. ಆಫೀಸು ಅನಂತಪುರದಲ್ಲಿ. ನನ್ನ ಪಾಲಿಗೆ ಬಂದದ್ದು ರಾಯದುರ್ಗದಿಂದ ಮಡಕಶಿರದವರೆಗಿನ ಸೀಮೆ. ಬಸ್ಸು ತಪ್ಪಿದರೆ ಆಟೋ, ಡಿ. ಹಿರೇಹಾಳಿನ ಕಡೆ ಆಟೋನೂ ಇಲ್ಲದಿದ್ದರೆ ಬಳ್ಳಾರಿಗೆ ಕೂಲಿಗೆ ಹೋಗುವವರ ಟೆಂಪೋ. ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ತೆಲುಗು, ಬೈಯುವಾಗ ಎರಡೂ.

ಒಂದು ಸಾರಿ ಕಣೇಕಲ್ಲಿನ ಅಕ್ಕಿ ಗಿರಣಿಯವರು ಪ್ರಿಂಟರ್ ಅರ್ಧ ಅಕ್ಷರ ಮಾತ್ರ ಹೊಡೆಯುತ್ತಿದೆ ಎಂದು ಕರೆದರು. ಬಿಚ್ಚಿದರೆ ಒಳಗೆಲ್ಲ ಭತ್ತದ ಹೊಟ್ಟು, ಅದರ ನಡುವೆ ಇಲಿ ಮರಿ ಹಾಕಿತ್ತು. ಮ್ಯಾನೇಜರಿಗೆ ಫೋನ್ ಮಾಡಿ ಹೇಳಿದೆ. ನಮ್ಮ ಮ್ಯಾನೇಜರ್ ಪ್ರಭಾಕರ ಗಾರು ಬಾಯಲ್ಲಿ ಬೆಲ್ಲ ಇಟ್ಟುಕೊಂಡೇ ಮಾತಾಡುವ ಮನುಷ್ಯ. "ರುದ್ರಪ್ಪಾ, ವಾರಂಟಿಯಲ್ಲಿ ಇಲಿ ಬರಲ್ಲಯ್ಯಾ. ಕಸ್ಟಮರ್ ನೆಗ್ಲಿಜೆನ್ಸ್ ಅಂತ ಬರಿ" ಎಂದರು. ಸರಿ, ಬರೆದೆ. ಅದು ನಿಜವೂ ಆಗಿತ್ತು. ಆದರೆ ಮುಂದಿನ ತಿಂಗಳು ಹೊಸ ಮೆಷಿನ್ ಒಂದು ಪೆಟ್ಟಿಗೆಯಿಂದ ತೆಗೆಯುವಾಗಲೇ ಸತ್ತು ಹೋಗಿತ್ತು. ಅದಕ್ಕೂ ಅದೇ ಮಾತು, ಕಸ್ಟಮರ್ ನೆಗ್ಲಿಜೆನ್ಸ್. "ಸಾರ್, ಕಸ್ಟಮರ್ ಇನ್ನೂ ಮುಟ್ಟೇ ಇಲ್ಲ" ಎಂದೆ. "ಮುಟ್ಟಿಲ್ಲ, ಅದೇ ನೆಗ್ಲಿಜೆನ್ಸ್" ಎಂದು ನಕ್ಕರು. ಆ ದಿನ ನಾನೂ ನಕ್ಕಿದ್ದೆ.

ರಾಯದುರ್ಗ ಎಂದರೆ ಜೀನ್ಸ್ ಪ್ಯಾಂಟು. ನಮ್ಮ ಓಣಿಯಲ್ಲಿ ಹೊಲಿಗೆ ಮೆಷಿನ್ ಸದ್ದಿಲ್ಲದ ಮನೆ ಅಪರೂಪ. ವೀರಣ್ಣ ಎಂಬವರ ಗಾರ್ಮೆಂಟ್ಸ್ ಘಟಕದಲ್ಲಿ ನಮ್ಮದೊಂದು ದೊಡ್ಡ ಪ್ಲಾಟರ್ ಇತ್ತು. ಪ್ಯಾಂಟಿನ ಕಾಲು, ಜೇಬು, ಪಟ್ಟಿ ಎಲ್ಲವನ್ನೂ ಅಳತೆಗೆ ಸರಿಯಾಗಿ ಉದ್ದನೆಯ ಹಾಳೆಯ ಮೇಲೆ ಗೆರೆ ಹಾಕಿಕೊಡುವ ಯಂತ್ರ ಅದು. ಆ ಹಾಳೆಯನ್ನು ಬಟ್ಟೆಯ ಮೇಲೆ ಹಾಸಿ ಕತ್ತರಿಸುತ್ತಾರೆ. ಹಾಳೆ ಹರಿದ ಕಡೆಯಲ್ಲೆಲ್ಲ ಒಂದು ಗೇಣು ಬಟ್ಟೆ ದಂಡವಾಗುತ್ತದೆ ಎಂದು ನಮ್ಮ ಕಡೆಯವರು ಇದ್ದಬದ್ದ ಸೈಜಿನ ಪ್ಯಾಂಟುಗಳನ್ನೆಲ್ಲ ಹರಿಯದೆ ಒಂದೇ ಹಾಳೆಯಲ್ಲಿ ಹಾಕಿಬಿಡುತ್ತಾರೆ. ಹಾಳೆ ಮೇಜು ದಾಟಿ, ಬಾಗಿಲು ದಾಟಿ, ಅಂಗಳದಲ್ಲಿ ಸುರುಳಿ ಬಿದ್ದಿರುತ್ತದೆ. ಬೇರೆ ಊರಿನವರು ನೋಡಿದರೆ ನಗುತ್ತಾರೆ, ನಮಗೆ ಅದೇ ಪದ್ಧತಿ.

ವೀರಣ್ಣ ಒಂದು ದಿನ ಬೆಳಿಗ್ಗೆ ಮನೆಗೇ ಬಂದರು.

"ಏನ್ರೀ ರುದ್ರಪ್ಪ, ನಿಮ್ ಮಷಿನ್ನಿಗೆ ಏನಾರ ಕುಡಿಸೀರೇನು? ಕಾಲಿನ ಮ್ಯಾಲೆ ಜೇಬು ಕುಂದ್ರಿಸೈತ್ರಿ!"

ಹೋಗಿ ನೋಡಿದರೆ ನಿಜ. ಹಾಳೆ ಒಂದು ಉದ್ದದವರೆಗೆ ಚೆನ್ನಾಗಿಯೇ ಬಂದಿತ್ತು. ಅಲ್ಲಿಂದ ಮುಂದಿನ ತುಂಡುಗಳನ್ನು ಮೆಷಿನ್ ಮುಂದಕ್ಕೆ ಬರೆಯುವ ಬದಲು ಹಾಳೆಯ ಶುರುವಿಗೆ ವಾಪಸ್ ಹೋಗಿ, ಆಗಲೇ ಬರೆದಿದ್ದ ಕಾಲುಗಳ ಮೇಲೆ ಬರೆದಿತ್ತು. ಚಿಕ್ಕ ಹಾಳೆ ಕೊಟ್ಟೆ, ಸರಿ. ಉದ್ದ ಕೊಟ್ಟೆ, ಮತ್ತೆ ಅದೇ ಜಾಗದಿಂದ ಹಿಂದಕ್ಕೆ. ಆಗ ನನಗೆ ನೆನಪಾದದ್ದು ನನ್ನ ಹಳೆಯ ಮೊಪೆಡ್. ಅದರ ಕಿಲೋಮೀಟರ್ ಮೀಟರಿನಲ್ಲಿ ಅಂಕಿಗೆ ಐದೇ ಮನೆ. ಐದರಲ್ಲೂ ಒಂಬತ್ತು ತುಂಬಿದ ಮೇಲೆ ಇನ್ನೊಂದು ಕಿಲೋಮೀಟರ್ ಓಡಿದರೆ ಎಲ್ಲ ಸೊನ್ನೆ. ಗಾಡಿ ಮುದಿಯಾದರೂ ಮೀಟರ್ ಪ್ರಕಾರ ಹೊಸದು. ಕಂಪ್ಯೂಟರಿನ ಒಳಗೂ ಅಂಕಿಗೆ ಇಷ್ಟೇ ಮನೆ ಎಂದು ಲೆಕ್ಕ ಇರುತ್ತದೆ. ಅದು ತುಂಬಿ ತುಳುಕಿದರೆ ಮೇಲಿನದು ಬಿದ್ದುಹೋಗುತ್ತದೆ, ಸಣ್ಣ ಅಂಕಿ ಉಳಿಯುತ್ತದೆ. ಮೆಷಿನ್ ಪಾಪ ಆ ಸಣ್ಣ ಅಂಕಿಯನ್ನೇ ನಂಬುತ್ತದೆ.

ಸಾಫ್ಟ್‌ವೇರ್ ಬರೆದ ಕಂಪನಿಗೆ ಫೋನ್ ಮಾಡಿ ವಿವರಿಸಿದೆ. ಆ ಕಡೆಯವನು ಪೂರ್ತಿ ಕೇಳಲೇ ಇಲ್ಲ. "ಅಷ್ಟು ಉದ್ದ ಯಾರ್ರೀ ಪ್ರಿಂಟ್ ಮಾಡ್ತಾರೆ?" ಎಂದ. ರಾಯದುರ್ಗದಲ್ಲಿ ಮಾಡುತ್ತಾರೆ ಎಂದೆ. "ಮಾಡಬೇಡಿ ಅಂತ ಹೇಳಿ" ಎಂದು ಇಟ್ಟುಬಿಟ್ಟ.

ವೀರಣ್ಣನಿಗೆ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿ, "ನಾಳೆ ಪ್ಯಾಂಟೇ ಹಾಕಬ್ಯಾಡ್ರಿ ಅಂತಾನೇನ್ರಿ ಅಂವ?" ಎಂದರು. ಅವತ್ತಿನಿಂದ ಅವರ ಹಾಳೆಯನ್ನು ಎರಡು ತುಂಡು ಮಾಡಿ ತೆಗೆಯುವುದು ರೂಢಿಯಾಯಿತು. ನಮ್ಮ ಜನಕ್ಕೆ ಹೊಂದಿಕೊಳ್ಳುವ ಗುಣ ಜಾಸ್ತಿ, ಅದೇ ನಮಗೆ ಮುಳುವು. ಸಾಫ್ಟ್‌ವೇರಿನ ಹುಳುಕು ಹಾಗೇ ಉಳಿಯಿತು, ಯಾರೂ ಕೇಳಲಿಲ್ಲ.

ಆಮೇಲೆ ಫ್ಲೆಕ್ಸ್ ಕಾಲ ಬಂತು. ಮಗುವಿಗೆ ಹೆಸರಿಟ್ಟರೆ ಫ್ಲೆಕ್ಸ್, ಯಾರಿಗೋ ಸಂಘದಲ್ಲಿ ಡೈರೆಕ್ಟರ್ ಗಿರಿ ಸಿಕ್ಕರೆ ಫ್ಲೆಕ್ಸ್, ಸತ್ತರೂ ಫ್ಲೆಕ್ಸ್. ಒಬ್ಬನದು ಒಂದಾಳೆತ್ತರ ಇದ್ದರೆ ಎದುರಾಳಿಯದು ಮಾಳಿಗೆಯೆತ್ತರ. ಅದೇ ಕಂಪನಿಯ ಸಾಫ್ಟ್‌ವೇರ್ ಫ್ಲೆಕ್ಸ್ ಮೆಷಿನ್ನುಗಳಿಗೂ ಬಂತು. ಕೆಲಸದ ರೀತಿಯೂ ಬದಲಾಯಿತು. ಟೂಲ್ ಬ್ಯಾಗು ಹೊತ್ತು ಬಸ್ಸಿನಲ್ಲಿ ಹೋಗುವ ಬದಲು ಅನಂತಪುರದಲ್ಲೇ ಕೂತು ರಿಮೋಟಿನಲ್ಲಿ ಅಂಗಡಿಯ ಕಂಪ್ಯೂಟರ್ ಒಳಗೆ ಕೈ ಹಾಕುವುದು ಶುರುವಾಯಿತು. ಮೊದಲಾದರೆ ಅಂಗಡಿಯವರು ಒಂದು ಲೋಟ ಚಹಾ ಕೊಟ್ಟು ಪಕ್ಕದಲ್ಲಿ ನಿಂತು ಏನು ಮಾಡುತ್ತೀಯ ಎಂದು ಕೇಳುತ್ತಿದ್ದರು. ಈಗ ಯಾರು ಬಂದರು, ಏನು ಮಾಡಿ ಹೋದರು, ಅವರಿಗೇ ತಿಳಿಯುವುದಿಲ್ಲ.

ನನ್ನ ಕೆಲಸ ಮುಗಿಯುವುದಕ್ಕೆ ಸ್ವಲ್ಪ ಮೊದಲು ಕಂಪನಿ ಒಂದು ಹೊಸ ವರ್ಷನ್ ಕಳಿಸಿತು. ಎಲ್ಲ ಅಂಗಡಿಗಳಿಗೂ ತಕ್ಷಣ ಹಾಕಬೇಕು, ಸುರಕ್ಷತೆಗೆ ಸಂಬಂಧಿಸಿದ ತಿದ್ದುಪಡಿ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಏನಿದು ಎಂದು ಫೋನ್ ಮಾಡಿದೆ. ಈ ಸಾರಿ ಎತ್ತಿದ್ದು ಒಬ್ಬ ಹೆಣ್ಣುಮಗಳು, ಸಮಾಧಾನವಾಗಿ ಮಾತಾಡಿದಳು.

"ಸಾರ್, ಒಂದು ಚಿತ್ರದ ಫೈಲ್ ಬಂದಾಗ ಸಾಫ್ಟ್‌ವೇರ್ ಮೊದಲು ಅದರ ಅಗಲ ಎತ್ತರ ಗುಣಿಸಿ ಎಷ್ಟು ಜಾಗ ಬೇಕು ಅಂತ ನೋಡುತ್ತೆ. ಗುಣಿಸಿದ್ದು ಅಂಕಿಯ ಮಿತಿ ದಾಟಿದರೆ ಸಣ್ಣ ಅಂಕಿ ಉಳಿಯುತ್ತೆ. ಸಣ್ಣ ಜಾಗ ತಗೊಂಡು ದೊಡ್ಡ ಚಿತ್ರ ಸುರಿಯುತ್ತೆ."

"ಅಂದರೆ ಒಂದು ಮಡಿಗೆ ಬದು ಕಟ್ಟಿ ಕೆರೆಯ ತೂಬನ್ನೇ ಬಿಟ್ಟ ಹಾಗೆ" ಎಂದೆ.

"ಹೌದು ಸಾರ್. ಚೆಲ್ಲಿದ್ದು ಪಕ್ಕದ ಜಾಗಕ್ಕೆ ನುಗ್ಗುತ್ತೆ. ಕಂಪ್ಯೂಟರ್ ಮುಂದೆ ಏನು ಮಾಡಬೇಕು ಅನ್ನೋದು ಆ ಪಕ್ಕದ ಜಾಗದಲ್ಲಿ ಬರೆದಿರಬಹುದು. ಗೊತ್ತಿರೋ ಕಳ್ಳ ಬೇಕಂತಲೇ ಅಂಥ ಅಳತೆ ಕೊಟ್ಟು ಫೈಲ್ ಮಾಡಿದರೆ, ಚೆಲ್ಲಿದ್ದರ ಜೊತೆ ಅವನ ಅಪ್ಪಣೆನೂ ಹೋಗಿ ಅಲ್ಲಿ ಕೂರುತ್ತೆ. ಆಮೇಲೆ ಆ ಕಂಪ್ಯೂಟರ್ ಅವನು ಹೇಳಿದ್ದು ಕೇಳುತ್ತೆ."

"ಅಂಗಡಿಯವರು ಆ ಫೈಲ್ ತೆರೆದರೆ ಸಾಕೇ?"

"ಸಾಕು ಸಾರ್."

ವೀರಣ್ಣನ ಹಾಳೆಯಲ್ಲಿ ಕಾಲಿನ ಮೇಲೆ ಕೂತ ಜೇಬು ನೋಡಿ ನಾವು ನಕ್ಕಿದ್ದೆವು. ಅದು ತೆರೆದ ಬಾಗಿಲು ಎಂದು ಯಾರಿಗೂ ಹೊಳೆದಿರಲಿಲ್ಲ. ಇಷ್ಟು ವರ್ಷ ಕಂಪನಿಯವರು ಆ ಬಾಗಿಲು ಹಾಕದೆ, ಉದ್ದ ಪ್ರಿಂಟ್ ಮಾಡಬೇಡಿ ಎಂದು ನಮಗೆ ಬುದ್ಧಿ ಹೇಳಿಕೊಂಡು ಕೂತಿದ್ದರಲ್ಲ! ನಮ್ಮ ಊರುಗಳ ಅಂಗಡಿಗಳಲ್ಲಿ ಫೈಲ್ ಯಾರು ಕಳಿಸಿದರು ಎಂದು ಯಾರು ನೋಡುತ್ತಾರೆ? ಅಂಗಡಿಯ ನಂಬರಿಗೆ ವಾಟ್ಸಾಪ್ ಮಾಡು, ಪ್ರಿಂಟ್ ತಗೊಂಡು ಹೋಗು, ಅಷ್ಟೇ.

ಹೊಸ ವರ್ಷನ್ನನ್ನು ನನ್ನ ಸೀಮೆಯ ಅಂಗಡಿಗಳಿಗೆಲ್ಲ ನಾನೇ ಹೋಗಿ ಹಾಕಿದೆ. ಅದು ಗುಣಿಸುವುದಕ್ಕೆ ಮೊದಲೇ ಮಿತಿ ನೋಡುತ್ತಿತ್ತು. ಆದರೆ ಅವಸರದಲ್ಲಿ ಬರೆದವರು ಮಿತಿಯನ್ನು ಬಹಳ ಕೆಳಗೆ ಇಟ್ಟುಬಿಟ್ಟಿದ್ದರು. ಅಲ್ಲಿಯವರೆಗೆ ಹೇಗೋ ಬರುತ್ತಿದ್ದ ದೊಡ್ಡ ಬ್ಯಾನರುಗಳಿಗೂ 'ಫೈಲ್ ತುಂಬಾ ದೊಡ್ಡದು' ಎಂದು ಅಡ್ಡ ನಿಲ್ಲತೊಡಗಿತು. ಅಂಗಡಿಯವರು ಬೊಬ್ಬೆ ಹಾಕಿದರು. ಪ್ರಭಾಕರ ಗಾರು ನನ್ನನ್ನು ಅನಂತಪುರಕ್ಕೆ ಕರೆಸಿದರು.

"ಎಲ್ಲಾ ಅಂಗಡಿಗೂ ಹಳೇ ವರ್ಷನ್ ವಾಪಸ್ ಹಾಕು."

"ಸಾರ್, ಅದರಲ್ಲಿ ತೂತಿದೆ. ಕಂಪನಿಯವರೇ ಹೇಳಿದ್ದಾರೆ."

"ತೂತಿಲ್ಲದ ಸಾಫ್ಟ್‌ವೇರ್ ಎಲ್ಲಿದೆಯಯ್ಯಾ? ಮಡಕಶಿರದಾಗ ಕದಿಯೋಕೆ ಏನಿದೆ, ಕಡ್ಲೆಕಾಯಾ?"

"ನಾನು ಹಾಕಲ್ಲ ಸಾರ್. ಮಿತಿ ಸರಿ ಮಾಡಿಕೊಡಿ ಅಂತ ಕಂಪನಿಯನ್ನ ಕೇಳೋಣ."

"ಸೈಂಟಿಸ್ಟ್ ಆಗಿಬಿಟ್ಟೆಯಲ್ಲಪ್ಪಾ ನೀನು!" ಎಂದು ಅದೇ ಬೆಲ್ಲದ ದನಿಯಲ್ಲಿ ಹೇಳಿ, ನನ್ನ ಕಣ್ಣೆದುರಿಗೇ ರಿಮೋಟ್ ತೆರೆದು, ಒಂದೊಂದಾಗಿ ಅಂಗಡಿಗಳಿಗೆ ಹಳೆಯದನ್ನು ಹಾಕಿದರು. ನಡುವೆ ಎರಡು ಸಾರಿ ಬೇಡ ಸಾರ್ ಎಂದೆ. ಚಹಾ ತರಿಸಿದರು.

ಆ ಅಂಗಡಿಗಳಲ್ಲಿ ಒಂದು ಮಡಕಶಿರದ ನಾಗರತ್ನನದು. ರೊಳ್ಳದ ಕಡೆಯ ಹುಡುಗಿ. ಮನೆಯವರು ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವವರು. ಇವಳು ಮಾತ್ರ ಹುಳಕ್ಕೆ ಸೊಪ್ಪು ಹಾಕುವುದು ಒಲ್ಲೆ ಎಂದು ಟೈಪಿಂಗ್ ಕಲಿತು, ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್, ಫೋಟೊ, ಫ್ಲೆಕ್ಸ್ ಅಂಗಡಿ ಇಟ್ಟಿದ್ದಳು. ಸುತ್ತಲ ಹಳ್ಳಿಯ ಹೆಂಗಸರಿಗೆ ಅದೊಂದು ಧೈರ್ಯದ ಜಾಗ. ಗಂಡಸರ ಅಂಗಡಿಯಲ್ಲಿ ಫೋಟೊಗೆ ನಿಲ್ಲಲು ಸಂಕೋಚಪಡುವ ಹುಡುಗಿಯರು ಇವಳ ಹತ್ತಿರ ಸೆರಗು, ದುಪಟ್ಟಾ ಸರಿಮಾಡಿಸಿಕೊಂಡು, ಮುಖ ತೊಳೆದು ಪೌಡರ್ ಹಾಕಿಕೊಂಡು ನಿಲ್ಲುತ್ತಿದ್ದರು. ಹಿಂದೂಪುರದ ಕಡೆ ಗಾರ್ಮೆಂಟ್ಸ್ ಕೆಲಸಕ್ಕೆ ಅರ್ಜಿ ಹಾಕುವವರದೆಲ್ಲ ಫೋಟೊ, ಆಧಾರ್, ಫೋನ್ ನಂಬರ್ ಅವಳ ಕಂಪ್ಯೂಟರಿನಲ್ಲೇ. ಇನ್ನೊಂದು ಸಾರಿ ಬಂದರೆ ಮತ್ತೆ ಕೇಳುವುದು ಬೇಡ ಎಂದು ಜೋಪಾನವಾಗಿ ಇಟ್ಟಿರುತ್ತಿದ್ದಳು.

ಹಳೆ ವರ್ಷನ್ ಹಾಕಿದ ಮೇಲೆ ಒಂದು ಮಧ್ಯಾಹ್ನ ಅವಳ ಫೋನ್ ಬಂತು.

"ಅಣ್ಣಾ, ಯಾರೋ ಒಂದು ಬ್ಯಾನರ್ ಕಳ್ಸವ್ರೆ. ತೆಗುದ್ರೆ ಸಾಫ್ಟ್‌ವೇರೇ ನಿಂತೋಯ್ತದೆ. ಸೈಜು ಜಾಸ್ತಿ ಏನೋ ಅಂತ ಎರಡು ತುಂಡು ಮಾಡಾಣ ಅಂದ್ರೆ ಅದೂ ಆಗ್ತಿಲ್ಲ ಕಣಣ್ಣ."

"ಯಾರು ಕಳಿಸಿದ್ದು?"

"ಗೊತ್ತಿಲ್ಲ. ನೆನ್ನೆ ಸಾಯಂಕಾಲ ಬಂದು ಇಸ್ಕೊಂಡೋಗ್ತೀನಿ ಅಂದೋನು ಬರ್ಲೇ ಇಲ್ಲ."

ನನಗೆ ಕಳಿಸು, ನೀನು ಮುಟ್ಟಬೇಡ ಎಂದೆ. ಅದನ್ನು ನಾನೂ ತೆರೆಯದೆ ಕಂಪನಿಯ ಆ ಹೆಣ್ಣುಮಗಳಿಗೆ ಕಳಿಸಿದೆ. ಅವಳು ನೋಡಿ ಫೋನ್ ಮಾಡಿದಾಗ ದನಿ ಸಣ್ಣದಾಗಿತ್ತು.

"ಸಾರ್, ಇದು ಬ್ಯಾನರ್ ಅಲ್ಲ. ಅಗಲ ಎತ್ತರ ಗುಣಿಸಿದರೆ ಸರಿಯಾಗಿ ಸುತ್ತು ತಿರುಗಿ ಸಣ್ಣ ಅಂಕಿ ಬರೋ ಹಾಗೆ ಅಳೆದು ಮಾಡಿದ್ದಾರೆ. ಆ ಅಂಗಡಿಯಲ್ಲಿ ಇನ್ನೂ ಹಳೆ ವರ್ಷನ್ ಯಾಕಿದೆ?"

ಆವತ್ತೇ ಮಡಕಶಿರದ ಬಸ್ಸು ಹತ್ತಿ ಹೋಗಿ ಕಂಪ್ಯೂಟರನ್ನು ಇಂಟರ್ನೆಟ್ಟಿನಿಂದ ಬಿಡಿಸಿದೆ. ಅಷ್ಟರಲ್ಲಿ ಆಗುವುದು ಆಗಿಹೋಗಿತ್ತು.

ಕೆಲವು ದಿನಕ್ಕೆ ಹುಡುಗಿಯರ ಫೋನುಗಳಿಗೆ ಹೊಲಸು ಮಾತಿನ ಕರೆಗಳು ಶುರುವಾದವು. ಎಲ್ಲೆಲ್ಲಿಯವರೋ ಕುಡಿದ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತಿದ್ದರು. ಯಾವುದೋ ಕೆಟ್ಟ ಪುಟದಲ್ಲಿ ಇವರ ಫೋಟೊ, ಕೆಳಗೆ ಹೆಸರು, ನಂಬರ್. ಫೋಟೊ ಎಲ್ಲವೂ ನಾಗರತ್ನನ ಅಂಗಡಿಯ ನೀಲಿ ಗೋಡೆಯ ಮುಂದೆ ತೆಗೆದವು. ಇನ್ನೇನು ಬೇಕು ಜನಕ್ಕೆ? ನಾಗರತ್ನನ ಊರಿನವಳೇ ಆದ ಹನುಮಕ್ಕ ಎಂಬಾಕೆಯ ಮಗಳ ಫೋಟೊ ಅದರಲ್ಲಿತ್ತು. ಆ ಹುಡುಗಿ ಕೆಲಸಕ್ಕೆ ಹೋಗುವುದನ್ನು ಬಿಟ್ಟು ಫೋನ್ ಮುಟ್ಟಿದರೆ ಬೆಚ್ಚುತ್ತಿದ್ದಳು. ಹನುಮಕ್ಕ ನಾಲ್ಕು ಜನ ಹೆಂಗಸರನ್ನು ಕಟ್ಟಿಕೊಂಡು ಅಂಗಡಿಗೆ ಬಂದು, "ನಮ್ಮುಡ್ಗೀರ್ನ ಮಾರ್ಕಂಡು ತಿಂದ್ಯಲ್ಲೇ, ನಿನ್ ಮನೆ ಹಾಳಾಗ!" ಎಂದು ಬಸ್ ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ ಬೈದು, ಬಾಗಿಲಲ್ಲಿ ಉಗಿದು ಹೋದಳು. ಆಕೆಯನ್ನು ನಾನು ದೂರುವುದಿಲ್ಲ. ಹೆತ್ತ ಹೊಟ್ಟೆ.

ನಾಗರತ್ನ ಶಟರ್ ಎಳೆದಳು. ಪೊಲೀಸ್ ಸ್ಟೇಷನ್ನಿನವರು ಕಂಪ್ಯೂಟರ್ ತೆಗೆದುಕೊಂಡು ಹೋಗಿ, ಮೆಷಿನ್ ಮಾರಿದವರ ಅಭಿಪ್ರಾಯ ಏನು ಎಂದು ನಮ್ಮ ಏಜೆನ್ಸಿಯನ್ನು ಕೇಳಿದರು. ನಾನು ಎಲ್ಲವನ್ನೂ ಬರೆದು ಪ್ರಭಾಕರ ಗಾರು ಅವರ ಮುಂದೆ ಇಟ್ಟೆ. ಅವರು ಅದನ್ನು ಡ್ರಾಯರಿನಲ್ಲಿ ಹಾಕಿ, ಬೇರೆ ಒಂದನ್ನು ಬರೆಸಿ ಸಹಿ ಹಾಕಿದರು. ಸಾಫ್ಟ್‌ವೇರಿನಲ್ಲಿ ದೋಷವಿಲ್ಲ, ಅಂಗಡಿಯವರ ನಿರ್ಲಕ್ಷ್ಯ!

"ಸಾರ್, ಇದು ಸುಳ್ಳು. ಆ ಹುಡುಗಿ ಹೆಸರು ಊರಲ್ಲಿ ಮಣ್ಣಾಗ್ತಿದೆ" ಎಂದೆ.

"ನಿಜ ಬರೆದರೆ ಏಜೆನ್ಸಿ ಹೆಸರು ಮಣ್ಣಾಗುತ್ತೆ. ಒಂದು ಅಂಗಡಿ ಹೋದರೆ ಹೋಯ್ತು. ರಿಟೈರ್ ಆಗೋ ವಯಸ್ಸಲ್ಲಿ ಸುಮ್ಮನಿರಯ್ಯಾ."

ಅಲ್ಲಾ, ಒಬ್ಬ ಮನುಷ್ಯ ಇಷ್ಟು ಮೆತ್ತಗೆ ಇಷ್ಟು ಕೆಟ್ಟ ಮಾತು ಹೇಗೆ ಆಡುತ್ತಾನೆ! ಕಂಪನಿಯ ಆ ಹೆಣ್ಣುಮಗಳನ್ನು ಕೇಳಿದೆ. ಅವಳು ಅತ್ತಳು. ಬರವಣಿಗೆಯಲ್ಲಿ ಏನೂ ಕೊಡಕೂಡದು ಎಂದು ಅವಳಿಗೂ ಅಪ್ಪಣೆಯಾಗಿತ್ತಂತೆ. ನಾನು ಸ್ಟೇಷನ್ನಿಗೆ ಹೋಗಿ ಬಾಯಿಮಾತಿನಲ್ಲಿ ಎಲ್ಲ ಹೇಳಿದೆ. ಅವರು ಕೇಳಿಕೊಂಡರು. ಕೊನೆಗೆ ನಾಗರತ್ನ ಫೋಟೊ ಮಾರಿದ್ದಕ್ಕೆ ಸಾಕ್ಷಿ ಏನೂ ಸಿಕ್ಕಲಿಲ್ಲ ಎಂದು ಅವಳನ್ನು ಬಿಟ್ಟು ಕಂಪ್ಯೂಟರನ್ನೂ ವಾಪಸ್ ಕೊಟ್ಟರು. ಒಳ್ಳೆಯದಾಯಿತಲ್ಲಮ್ಮ ಎಂದು ಹೇಳಲು ಹೋದೆ.

"ಏನೊಳ್ಳೇದು? ಸ್ಟೇಷನ್ನಾಗೆ ಬುಟ್ರು ಕಣಣ್ಣ, ಊರಾಗೆ ಯಾರು ಬುಡ್ತಾರೆ? ಸಿಕ್ಕಿಲ್ಲ ಅಂದ್ರೇನು, ಚೆನ್ನಾಗಿ ಬಚ್ಚಿಟ್ಟವಳೆ ಅಂತಾರೆ. ನಮ್ಮವ್ವ ನೀರು ತರಾಕೆ ಹೋದ್ರೆ ಹೆಂಗಸ್ರು ಪಕ್ಕಕ್ಕೆ ಸರೀತಾರೆ."

ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು. ಊರಮ್ಮನ ಗುಡಿಯಲ್ಲಿ ದೀಪ ಆರಿಸಿ ಪ್ರಮಾಣ ಮಾಡಬೇಕು ಎಂದು ಹನುಮಕ್ಕ ಹಟ ಹಿಡಿದಿದ್ದಳಂತೆ. ನಮ್ಮ ಕಡೆ ಕಳ್ಳತನದ ಮಾತು ಬಂದರೆ ಇದು ಕೊನೆಯ ಮೆಟ್ಟಿಲು. ದೇವರ ಮುಂದೆ ದೀಪ ಹಚ್ಚುತ್ತಾರೆ. ನಾನು ಮಾಡಿಲ್ಲ ಎಂದು ಹೇಳಿ ಅದನ್ನು ಕೈಯಿಂದ ಆರಿಸಬೇಕು. ಸುಳ್ಳು ಹೇಳಿ ಆರಿಸಿದರೆ ಮನೆಯ ದೀಪವೂ ಆರುತ್ತದೆ ಎಂದು ನಂಬಿಕೆ. ನಿಜ ಹೇಳಿ ಆರಿಸಿದವರನ್ನೂ ಜನ ಮುಂದೆ ಬೇರೆ ಥರವೇ ನೋಡುತ್ತಾರೆ. ಮನೆಯಲ್ಲಿ ಒಂದು ಕರು ಸತ್ತರೂ, ನೋಡಿದ್ರಾ, ಅವತ್ತು ದೀಪ ಆರಿಸಿದ್ದಳಲ್ಲ ಎನ್ನುತ್ತಾರೆ.

"ಆರಿಸ್ಬುಡ್ತೀನಿ ಅಣ್ಣಾ. ಸಾಕಾಗೈತೆ" ಎಂದಳು ನಾಗರತ್ನ.

"ನೀನ್ಯಾಕೆ ಆರಿಸ್ತೀಯ!" ಎಂದು ಕೂಗಿಬಿಟ್ಟೆ. ಆಣೆ ಪ್ರಮಾಣದಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಮಾಡಲೇಬೇಕು ಎಂದಾದರೆ ಮಾಡಬೇಕಾದವರು ಯಾರು? ಸೀದಾ ಹನುಮಕ್ಕನ ಮನೆಗೆ ಹೋದೆ. ಆಕೆ ಅಂಗಳ ಗುಡಿಸುತ್ತಿದ್ದಳು, ಪೊರಕೆ ಕೆಳಗಿಡಲಿಲ್ಲ. ಮೊಪೆಡ್ ಮೀಟರಿನ ಕಥೆಯಿಂದ ಹಿಡಿದು ಎಲ್ಲ ಹೇಳಿದೆ. ಬಾಗಿಲ ಹಿಂದಿನಿಂದ ಆಕೆಯ ಮಗಳು ಕೇಳಿಸಿಕೊಳ್ಳುತ್ತಿದ್ದಳು.

"ನೀನು ಹೇಳೋದು ನನಗರ್ದ ಅರ್ಥಾಗ್ಲಿಲ್ಲ" ಎಂದಳು ಹನುಮಕ್ಕ. "ಒಂದ್ ಹೇಳು. ಬಾಗ್ಲು ಬೀಗ ಹಾಕಿತ್ತು, ನಿಮ್ ದೊಡ್ಡೋನು ಬಂದು ತೆಗ್ದ. ಹೌದೋ ಅಲ್ವೋ?"

"ಹೌದಮ್ಮ."

"ನೀನು ಅವ್ರ ಆಫೀಸಿನೋನೆ. ನಿನ್ನ ನಂಬಾದೆಂಗೆ?"

"ನಂಬಬೇಡ. ಅವರನ್ನೇ ಕೇಳು."

ಆಕೆ ಪೊರಕೆ ಇಟ್ಟಳು. ಅವರ ನಂಬರ್ ಒತ್ತಿಕೊಡು ಎಂದಳು. ಆಮೇಲೆ ಆಕೆ ಫೋನಿನಲ್ಲಿ ಆಡಿದ ಮಾತು ಕೇಳಿ ನಾನು ದಂಗಾಗಿಬಿಟ್ಟೆ. "ಸಾರ್, ನಾವು ಹೆಂಗಸ್ರ ಸಂಘದೋರು. ಪ್ಲೆಕ್ಸು ಮಿಷಿನ್ ತಗಬೇಕು. ಮೊದ್ಲು ನಮ್ಮ ಅಮ್ಮನ ಗುಡ್ಯಾಗೆ ಪೂಜೆ ಮಾಡ್ಸಿ ಆಮೇಲೆ ಮಾತು. ನೀವೇ ಬರ್ಬೇಕು!" ಎಷ್ಟು ನಯ, ಎಷ್ಟು ವಿನಯ! ಪ್ರಭಾಕರ ಗಾರು ಮರುದಿನವೇ ಬೆಳಿಗ್ಗೆ ಹೂವು, ಹಣ್ಣು, ಮೆಷಿನ್ನಿನ ಬಣ್ಣದ ಕಾಗದಗಳ ಸಮೇತ ಕಾರಿನಲ್ಲಿ ಬಂದಿಳಿದರು.

ಗುಡಿಯ ಮುಂದೆ ಹೆಂಗಸರು ಕೂತಿದ್ದರು. ಒಂದು ಕಡೆ ನಾಗರತ್ನ, ಅವಳ ತಾಯಿ. ನನ್ನನ್ನು ನೋಡಿ ಮ್ಯಾನೇಜರ್ ಮುಖ ಸ್ವಲ್ಪ ಬದಲಾಯಿತು. ಆದರೂ ಕೈ ಮುಗಿದು ಒಳಗೆ ಬಂದರು. ಹನುಮಕ್ಕ ಅಮ್ಮನ ಮುಂದೆ ದೀಪ ಹಚ್ಚಿದಳು.

"ಸಾರ್, ಮಿಷಿನ್ ಮಾತು ಆಮೇಲಾಗ್ಲಿ. ತಪ್ಪು ನಾಗರತ್ನಂದೇ ಅಂತ ಪೊಲೀಸ್ರಿಗೆ ಬರ್ದು ಕೊಟ್ಟಿದೀರಂತೆ. ಅವಳ ಕಂಪ್ಯೂಟ್ರಿಗೆ ಹಳೇದು ಹಾಕ್ದೋನು ನಾನಲ್ಲ, ಅದ್ರಾಗೆ ತೂತಿರೋದು ನನಗ್ಗೊತ್ತಿರ್ಲಿಲ್ಲ, ಅಂತ ಅಮ್ಮನ ಮುಂದೆ ಹೇಳಿ ಈ ದೀಪ ಆರ್ಸಿ. ನಿಮ್ ಕಾಲಿಗ್ ಬಿದ್ದು ಕಳಿಸ್ಕೊಡ್ತೀವಿ."

"ಏನಮ್ಮಾ ಇದು! ಈ ಕಾಲದಲ್ಲಿ ದೀಪ ಗೀಪ ಅಂತ…" ಎಂದು ನಕ್ಕರು. ಯಾರೂ ನಗಲಿಲ್ಲ. ರಾಹುಕಾಲ ಕಳೆಯದೆ ಮೆಷಿನ್ನಿನ ಸ್ವಿಚ್ ಒತ್ತದ ಮನುಷ್ಯ ಅವರು. ಪೊಲೀಸರಿಗೆ ಕೊಡುವ ಕಾಗದಕ್ಕೆ ಕಣ್ಣು ಮಿಟುಕಿಸದೆ ಸಹಿ ಹಾಕಿದ್ದರು. ಈಗ ಕೈ ಅರ್ಧ ಮೇಲಕ್ಕೆ ಬಂದು ಅಲ್ಲಿಯೇ ನಿಂತಿತು.

"ಆರ್ಸಿ ಸಾರ್" ಎಂದಳು ಹನುಮಕ್ಕನ ಮಗಳು. ಅವಳು ಮನೆಯಿಂದ ಹೊರಗೆ ಬಂದದ್ದೇ ಬಹಳ ದಿನದ ಮೇಲೆ ಅವತ್ತು.

"ನಾನೊಬ್ಬನೇ ಅಲ್ಲಮ್ಮಾ… ಹಾಕಿದ್ದೇನೋ ನಾನೇ. ಮೇಲಿನವರ ಒತ್ತಡ… ಸೇಲ್ಸ್ ನಿಂತುಹೋಗುತ್ತೆ ಅಂತ…" ಎಂದು ತೊದಲಿ, ರುಮಾಲಿನಿಂದ ಮುಖ ಒರೆಸಿಕೊಂಡು, ತಂದ ಹೂವು ಹಣ್ಣು ಅಲ್ಲೇ ಬಿಟ್ಟು ಕಾರು ಹತ್ತಿದರು. ಆ ವಾರವೇ ಎಲ್ಲ ಅಂಗಡಿಗಳಿಗೂ ರಿಮೋಟಿನಲ್ಲಿ ಮತ್ತೆ ಹೊಸ ವರ್ಷನ್ ಬಂತು. ಜೊತೆಗೆ ಒಂದು ಸಾಲಿನ ವಿವರಣೆ: ಸಾಮಾನ್ಯ ಸುಧಾರಣೆ. ಥೂ! ಸ್ಟೇಷನ್ನಿಗೆ ಬರೆದುಕೊಟ್ಟ ಸುಳ್ಳನ್ನು ವಾಪಸ್ ಪಡೆದರೇ ಎಂದು ಕೇಳಿ. ಇಲ್ಲ. ಆ ಹುಡುಗಿಯರ ಒಂದು ಮನೆಗಾದರೂ ಏಜೆನ್ಸಿಯಿಂದಲೋ ಕಂಪನಿಯಿಂದಲೋ ಯಾರಾದರೂ ಹೋಗಿ ತಪ್ಪಾಯಿತು ಎಂದರೇ? ಇವತ್ತಿನವರೆಗೂ ಇಲ್ಲ. ನೀವು ಸೇರಲು ಹೊರಟಿರುವ ಕೆಲಸದಲ್ಲಿ ಇದು ನಡೆದದ್ದು, ಅದಕ್ಕೇ ಇಷ್ಟು ಬರೆದೆ.

ಅವತ್ತು ಕಾರು ಹೋದ ಮೇಲೆ ಗುಡಿಯಲ್ಲಿ ನಾಗರತ್ನ ಎದ್ದು ದೀಪದ ಹತ್ತಿರ ಬಂದಳು.

"ಈಗ ನಾನು ಆರಿಸ್ಲಾ ಅಕ್ಕಾ?"

"ಬ್ಯಾಡ ಕಣವ್ವಾ!" ಹನುಮಕ್ಕ ಅವಳ ಎರಡೂ ಕೈ ಹಿಡಿದುಕೊಂಡಳು. "ನನ್ನವ್ವ, ಬ್ಯಾಡ. ನಾಳೀಕೆ ಅಂಗಡಿ ತೆಗಿ. ಎಲ್ಲಾರೂ ಬತ್ತೀವಿ."

ನಾಗರತ್ನ ಕೈ ಬಿಡಿಸಿಕೊಂಡಳು. ಅವಳು ಅತ್ತದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ, ಆಗಲೂ ಅಳಲಿಲ್ಲ. ಮುಖ ಕೆಂಪಾಗಿತ್ತು.

"ಅಂಗಡಿ ತೆಗಿಯಾದು ನನಗ್ಗೊತ್ತೈತೆ. ನನ್ನ ಕಳ್ಳಿ ಅಂತ ನೀನು ಯಾವ್ಯಾವ ಮನೇಲಿ ಹೇಳ್ದೆ?"

"ಊರೆಲ್ಲಾ ಹೇಳ್ದೆ ಕಣೆ."

"ಹಂಗಾರೆ ಊರೆಲ್ಲಾ ಹೋಗು. ಒಂದೊಂದ್ ಮನೆ ಬಾಗ್ಲಾಗೂ ನಿಂತ್ಕಂಡು, ಅವಳಲ್ಲ ಅಂತ ಹೇಳ್ಬಾ."

ಹನುಮಕ್ಕ ಅಷ್ಟು ಜನರ ಮುಂದೆ ತಲೆ ತಗ್ಗಿಸಿ ನಿಂತಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೆಟ್ಟು ಹಾಕಿಕೊಂಡು ಹೊರಟಳು. ಮಗಳು ಜೊತೆಗೆ ಹೋದಳು. ಗುಡಿಯ ಪಕ್ಕದ ಮೊದಲ ಮನೆಯ ಬಾಗಿಲು ತಟ್ಟಿ, ಅಂಗಡಿಯ ಮುಂದೆ ಬೈದ ದಿನದಷ್ಟೇ ದೊಡ್ಡ ದನಿಯಲ್ಲಿ ಕರೆದಳು.

"ಏ ಗಂಗಮ್ಮಾ, ಈಚೆ ಬಾರೆ! ಆವತ್ತು ನಾನು ಹೇಳಿದ್ದು ಸುಳ್ಳು ಕಣೆ."